ಅಪ್‌ಡೇಟ್: ಬೀಗರ ಜೊತೆ ವಾರ್ಸಾದಲ್ಲಿ ಎರಡು ದಿನ

ಸೊಸೆಯ ತವರಾದ ಪೋಲೆಂಡಿಗೆ ಹೋದಾಗ, ರಾಜಧಾನಿ ವಾರ್ಸಾದಲ್ಲಿ ಎರಡೇ ದಿನಗಳಲ್ಲಿ ಏನೇನು ನೋಡಬಹುದೆಂದು ಕಳೆದ ತಿಂಗಳು ಕೇಳಿದ್ದೆ. ಹಳೆಯ ಪಟ್ಟಣದಿಂದಲೇ ಆರಂಭಿಸಿ ಎಂದು ಸಲಹೆ ಕೊಟ್ಟವರಿಗೆಲ್ಲ ಮನಃಪೂರ್ವಕ ವಂದನೆಗಳು.

1944ರಲ್ಲಿ ಜರ್ಮನ್ ಆಕ್ರಮಣದ ವಿರುದ್ಧ ಪೋಲಿಷರು ಎದ್ದ ದಂಗೆಯ ನಂತರ ಜರ್ಮನ್ ಸೇನೆ ಹಾಳುಗೆಡವಿದ ಆ ಪಟ್ಟಣವನ್ನು, 18ನೆಯ ಶತಮಾನದಲ್ಲಿ ಇಟಲಿಯ ಚಿತ್ರಕಾರ ಬೆಲ್ಲೊಟ್ಟೊ ಬರೆದ ನಗರದೃಶ್ಯಗಳನ್ನೂ ಹಳೆಯ ನಕ್ಷೆಗಳನ್ನೂ ಮುಂದಿಟ್ಟುಕೊಂಡು ಮತ್ತೆ ಕಟ್ಟಿದರೆಂದು ಬೀಗಿತ್ತಿಯವರು ಚೌಕದ ನಡುವೆ ನಿಂತು ವಿವರಿಸಿದರು. ಸೊಸೆ ಕನ್ನಡಕ್ಕೆ ಹೇಳುತ್ತಾ ಹೋದಳು. ಅಷ್ಟು ಪುರಾತನವಾಗಿ ಕಾಣುವ ಮನೆಗಳು ನನಗಿಂತ ಕೆಲವೇ ವರ್ಷ ಹಿರಿಯವು ಎಂದು ತಿಳಿದಾಗ ಮಾತೇ ಹೊರಡಲಿಲ್ಲ. ದಂಗೆಯ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಿ. ಮಂಗಳವಾರ ಅದಕ್ಕೆ ರಜೆ. ಹೋಲಿ ಕ್ರಾಸ್ ಚರ್ಚಿನಲ್ಲಿ ಸಂಗೀತಗಾರ ಶೋಪೆನ್‌ನ ಹೃದಯವನ್ನಿರಿಸಿದ ಕಂಬವನ್ನೂ ನೋಡಿದೆವು.

ನೀವು ಯಾರೂ ಹೇಳದಿದ್ದ ಸ್ಥಳವೊಂದಕ್ಕೆ ಬೀಗರೇ ಕರೆದೊಯ್ದರು: ಓಖೋತಾ ಬಡಾವಣೆಯ 'ಒಳ್ಳೆಯ ಮಹಾರಾಜ'ನ ಚೌಕ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ನೆಲದಿಂದ ಬಂದ ನೂರಾರು ಪೋಲಿಷ್ ಮಕ್ಕಳಿಗೆ 1942ರಲ್ಲಿ ಜಾಮನಗರದ ಬಳಿಯ ಬಾಲಾಚಡಿಯಲ್ಲಿ ಆಶ್ರಯವಿತ್ತ ನವಾನಗರ ಸಂಸ್ಥಾನದ ಅರಸ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರ ನೆನಪಿಗೆ ಅದು ಮೀಸಲು. ಸ್ಮಾರಕದ ಕಲ್ಲಿನ ಮೇಲೆ ಬಿದ್ದಿದ್ದ ಒದ್ದೆ ಎಲೆಗಳನ್ನು ಬೀಗಿತ್ತಿಯವರು ಕೈಯಿಂದ ಸರಿಸಿ, ನನ್ನ ಕೈ ಹಿಡಿದುಕೊಂಡರು. ವಾರ್ಸಾಕ್ಕೆ ಹೋಗುವ ಕನ್ನಡಿಗರು ಅಲ್ಲಿ ಹತ್ತು ನಿಮಿಷವಾದರೂ ನಿಲ್ಲಬೇಕೆಂದು ನನ್ನ ಕಳಕಳಿಯ ಕೋರಿಕೆ.