ಸಹಾಯ ಬೇಕು: ಪಶು ಆಹಾರದಲ್ಲಿ ಜಿಎಂ (ಕುಲಾಂತರಿ) ಪಾಸಿಟಿವ್, ಮೂಲ ಹುಡುಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಾವೇರಿ ಹತ್ತಿರ ನಮ್ಮದೊಂದು ಸಣ್ಣ ಪಶು ಆಹಾರ ಘಟಕ ಇದೆ. ಸಾವಯವ ಹಾಲಿನವರೊಬ್ಬರು ಜಿಎಂ ಇಲ್ಲದ ಆಹಾರ ಕೇಳಿದ್ದಾರೆ. ಹತ್ತಿಕಾಳು ಹಿಂಡಿ ಪೂರ್ತಿ ಬಿಟ್ಟೆವು, ಈಗಿನ ಹತ್ತಿ ಬಹುಪಾಲು ಬಿಟಿ, ಅಂದರೆ ಕುಲಾಂತರಿನೇ ಅಲ್ವಾ. ಮೆಕ್ಕೆಜೋಳ, ತೌಡು, ಸೋಯಾ ಹಿಂಡಿ ಅಷ್ಟೇ ಹಾಕಿದೆವು. ಆದರೂ ಪಿಸಿಆರ್ (ಡಿಎನ್‌ಎ ಪರೀಕ್ಷೆ) ವರದಿಯಲ್ಲಿ 35ಎಸ್, ನಾಸ್ (ಹಲವು ಕುಲಾಂತರಿ ಬೆಳೆಗಳಿಗೆ ಸೇರಿಸಿರೋ ಡಿಎನ್‌ಎ ತುಣುಕುಗಳು) ಎರಡೂ ಪಾಸಿಟಿವ್! ಪ್ರಮಾಣ ಎಷ್ಟು ಅಂತ ಬರೆದಿಲ್ಲ. ಹಳೆ ಹತ್ತಿ ಹಿಂಡಿ ಉಳಿದಿರಬಹುದು ಅಂತ ಗಿರಣಿಗೆ ಗಾಳಿ ಹೊಡೆದು, ಒರೆಸಿ ಮತ್ತೆ ಮಾದರಿ ಕಳಿಸಿದರೂ ಅದೇ ಉತ್ತರ.

ನನಗೆ ಗೊಂದಲ ಇರೋದು ಇಲ್ಲಿ. ಬಿಟಿ ಹತ್ತಿಯಲ್ಲೂ ಇವೆರಡು ಇರುತ್ತವೆ, ರೌಂಡಪ್ ರೆಡಿ (ಕಳೆನಾಶಕ ತಡೆಯುವ ಕುಲಾಂತರಿ) ಸೋಯಾದಲ್ಲೂ ಇರುತ್ತವೆ. ಸೋಯಾ ಕೊಟ್ಟವರು ದೇಶಿ ಮಾಲು ಅಂತಾರೆ. ಆದರೆ 2021ರಲ್ಲಿ 12 ಲಕ್ಷ ಟನ್ ಜಿಎಂ ಸೋಯಾ ಹಿಂಡಿ ಆಮದಿಗೆ ಸರ್ಕಾರವೇ ಒಪ್ಪಿತ್ತು.

ಪ್ರತಿ ಪದಾರ್ಥವನ್ನೂ ಬೇರೆ ಬೇರೆ ಕಳಿಸಬೇಕಾ? ಇಲ್ಲಾ ಇದೇ ಮಾದರಿಗೆ ಹತ್ತಿ, ಸೋಯಾ ಇವೆಂಟ್ ಟೆಸ್ಟ್ (ಯಾವ ಕುಲಾಂತರಿ ಅಂತ ಗುರುತಿಸೋ ಪರೀಕ್ಷೆ) ಮಾಡಿಸಿದರೆ ಸಾಕಾ? ಮಾಡಿಸಿದವರು ದಯವಿಟ್ಟು ತಿಳಿಸಿ.