ಕೋಶದೊಳಗೆ ಹೊಳೆದದ್ದೆಲ್ಲ ಕೊಲೆಸ್ಟ್ರಾಲೇ?

ಪ್ರಶ್ನೆ: ಮೇಡಂ, ನಾನು ಎಂ.ಎಸ್‌ಸಿ. ಬಯೋಕೆಮಿಸ್ಟ್ರಿ ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್‌ಗಾಗಿ ಹೆಪ್‌ಜಿ2 ಎಂಬ ಯಕೃತ್ತಿನ ಕೋಶಗಳಿಗೆ ಎನ್‌ಬಿಡಿ-ಕೊಲೆಸ್ಟ್ರಾಲ್ (ಎನ್‌ಬಿಡಿ ಎಂಬ ಹೊಳೆಯುವ ಗುರುತು ಅಂಟಿಸಿದ ಕೊಲೆಸ್ಟ್ರಾಲ್) ಕೊಟ್ಟಿದ್ದೆ. ಹಸಿರು ಹೊಳಪು ಹೊರಪೊರೆಯಲ್ಲಿ ಅಷ್ಟಾಗಿ ಇಲ್ಲ. ಒಳಗೆ ಮೈಟೋಕಾಂಡ್ರಿಯಾದ ಬಣ್ಣದ ಜೊತೆ ಕೂಡಿಬರುತ್ತಿದೆ. ಕೊಲೆಸ್ಟ್ರಾಲ್ ಅಲ್ಲಿಗೇ ಹೋಗುತ್ತದೆ ಅಂತ ವರದಿಯಲ್ಲಿ ಬರೆಯಬಹುದಾ?

ಉತ್ತರ: ಬರೆಯಬೇಡಿ. ಎನ್‌ಬಿಡಿ ಅಲ್ಲಿಗೆ ಹೋಗಿದೆ, ಅಷ್ಟೇ ಹೇಳಬಹುದು. ಪ್ರಾಣಿಕೋಶದ ಕೊಲೆಸ್ಟ್ರಾಲಿನ ಬಹುಪಾಲು ಹೊರಪೊರೆಯಲ್ಲೇ ಇರುತ್ತದೆ, ಮೈಟೋಕಾಂಡ್ರಿಯಾದಲ್ಲಿ ತೀರಾ ಕಡಿಮೆ. ಕೊಲೆಸ್ಟ್ರಾಲ್ 27 ಇಂಗಾಲದ ಪುಟ್ಟ ಅಣು. ನೀರನ್ನು ಇಷ್ಟಪಡುವ ಭಾಗ ಅಂದರೆ ಒಂದೇ ಒಂದು ಹೈಡ್ರಾಕ್ಸಿಲ್. ಅದರ ಬಾಲಕ್ಕೆ ಎನ್‌ಬಿಡಿ ಅಂಟಿಸಿದರೆ, ಧ್ರುವೀಯವಾದ ಆ ಗುಂಪು ಪೊರೆಯ ಎಣ್ಣೆಯಂಥ ನಡುಭಾಗದಲ್ಲಿ ನಿಲ್ಲಲೊಲ್ಲದೆ ಮೇಲ್ಮೈ ಕಡೆ ಬಾಗುತ್ತದೆ. ಅಲ್ಲಿಗೆ ಕೂರುವ ರೀತಿ, ಓಡಾಡುವ ದಾರಿ ಎರಡೂ ಬೇರೆಯಾದವು.

ಮೊದಲು ಫಿಲಿಪಿನ್ ಎಂಬ ಹೊಳೆಯುವ ಬಣ್ಣ ಹಾಕಿ ನೋಡಿ. ಸ್ಟ್ರೆಪ್ಟೋಮೈಸಿಸ್ ತಯಾರಿಸುವ ಈ ಆಂಟಿಬಯಾಟಿಕ್ ಕೋಶದ ಸ್ವಂತ ಕೊಲೆಸ್ಟ್ರಾಲನ್ನೇ ಹಿಡಿಯುತ್ತದೆ. ಆದರೆ 3ನೇ ಇಂಗಾಲದ ಹೈಡ್ರಾಕ್ಸಿಲ್ ಬಿಡುವಾಗಿರಬೇಕು. ಕೊಬ್ಬಿನ ಹನಿಗಳಲ್ಲಿ ಎಸ್ಟರ್ ಆಗಿ (ಆ ಹೈಡ್ರಾಕ್ಸಿಲ್‌ಗೆ ಕೊಬ್ಬಿನಾಮ್ಲ ಸೇರಿಕೊಂಡು) ಕೂತದ್ದು ಕಾಣುವುದಿಲ್ಲ. ಯಕೃತ್ತಿನ ಕೋಶಗಳಲ್ಲಿ ಇದು ಸಣ್ಣ ವಿಷಯವಲ್ಲ. ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ. ಮೆಥನಾಲ್, ಟ್ರೈಟಾನ್ ಬೇಡ, ಅವು ಕೊಲೆಸ್ಟ್ರಾಲನ್ನೇ ತೊಳೆದು ಒಯ್ಯುತ್ತವೆ. ಯುವಿ ಬೆಳಕಿಗೆ ಫಿಲಿಪಿನ್ ಬೇಗ ಮಾಸುತ್ತದೆ, ಫೋಕಸ್ ಬೇರೆ ಚಾನೆಲ್‌ನಲ್ಲಿ ಮಾಡಿಕೊಳ್ಳಿ.

ಪಾಸಿಟಿವ್ ಕಂಟ್ರೋಲ್‌ಗೆ (ಫಲಿತಾಂಶ ಖಚಿತವಾಗಿ ಕಾಣಬೇಕಾದ ಹೋಲಿಕೆಗೆ) ಒಂದು ಪ್ಲೇಟಿಗೆ ರಾತ್ರಿಯಿಡೀ ಯು18666ಎ ಎಂಬ ರಾಸಾಯನಿಕ ಕೊಡಿ. ಕೋಶದ ಜೀರ್ಣಚೀಲವಾದ ಲೈಸೋಸೋಮಿನಿಂದ ಕೊಲೆಸ್ಟ್ರಾಲನ್ನು ಹೊರಸಾಗಿಸುವ ಎನ್‌ಪಿಸಿ1 ಪ್ರೋಟೀನನ್ನು ಅದು ತಡೆಯುತ್ತದೆ (ನೇರವಾಗಿ ಅಂಟುತ್ತದೆಂದು 2015ರಲ್ಲಿ ತೋರಿಸಿದರು). ಎಲ್‌ಡಿಎಲ್ ಹೊತ್ತು ತಂದ ಕೊಲೆಸ್ಟ್ರಾಲ್ ಲೈಸೋಸೋಮಿನಲ್ಲೇ ಸಿಕ್ಕಿಬಿದ್ದು, ನ್ಯೂಕ್ಲಿಯಸ್ ಪಕ್ಕ ಚುಕ್ಕೆಚುಕ್ಕೆಯಾಗಿ ಬೆಳಗುತ್ತದೆ. ನನಗೆ ಈ ಪ್ರಯೋಗ ಇಷ್ಟವಾಗಲು ಕಾರಣವೇ ಬೇರೆ. ಕೋಶದ ತುಂಬ ಕೊಲೆಸ್ಟ್ರಾಲ್ ಇದ್ದರೂ ಅದರ ಮಟ್ಟವನ್ನು ಗಮನಿಸುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಅಲ್ಲಿನ ಪೊರೆಯ ಲಿಪಿಡ್‌ನಲ್ಲಿ ಕೊಲೆಸ್ಟ್ರಾಲ್ ಸುಮಾರು 5% ದಾಟಿದರೆ ಮಾತ್ರ ಎಸ್‌ಆರ್‌ಇಬಿಪಿ (ಕೊಲೆಸ್ಟ್ರಾಲ್ ತಯಾರಿಸುವ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ಸುಮ್ಮನಾಗುತ್ತದೆ ಎಂದು ಬ್ರೌನ್-ಗೋಲ್ಡ್‌ಸ್ಟೀನ್ ಪ್ರಯೋಗಾಲಯ 2008ರಲ್ಲಿ ಅಳೆದು ತೋರಿಸಿತು. ಸುದ್ದಿ ಮುಟ್ಟದ ಕೋಶ ಇನ್ನಷ್ಟು ತಯಾರಿಸುತ್ತಲೇ ಇರುತ್ತದೆ.

ಚುಕ್ಕೆ ಚೆನ್ನಾಗಿ ಬರಲಿ ಅಂತ ಡೋಸ್ ಮಾತ್ರ ಏರಿಸಬೇಡಿ. ಹೆಚ್ಚಾದರೆ ಯು18666ಎ ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವಗಳನ್ನೂ ತಡೆಯುತ್ತದೆ.

ಮರುಪ್ರಶ್ನೆ: ಜೀವಂತ ಕೋಶದಲ್ಲಿ ನೋಡಬೇಕೆಂದರೆ?

ಉತ್ತರ: ಫಿಲಿಪಿನ್ ಆಗದು, ಪೊರೆಯನ್ನೇ ಕೆಡಿಸುತ್ತದೆ. ಬೋಡಿಪಿ ಎಂಬ ಇನ್ನೊಂದು ಹೊಳೆಯುವ ಗುರುತು ಅಂಟಿಸಿದ ಬೋಡಿಪಿ-ಕೊಲೆಸ್ಟ್ರಾಲನ್ನು, ಅದನ್ನು ಕೋಶಕ್ಕೆ ಹೊತ್ತೊಯ್ಯುವ ಸೈಕ್ಲೋಡೆಕ್ಸ್ಟ್ರಿನ್ ಜೊತೆ ಅತಿ ಸ್ವಲ್ಪ ಕೊಟ್ಟು ನೋಡಿ. ಬೋಡಿಪಿ ಧ್ರುವೀಯವಲ್ಲದ ಕಾರಣ ಎನ್‌ಬಿಡಿಗಿಂತ ಎಷ್ಟೋ ವಾಸಿ. ಪೊರೆಯ ಸೈಟೋಸಾಲ್ (ಕೋಶದ ಒಳದ್ರವ) ಬದಿಯ ಕೊಲೆಸ್ಟ್ರಾಲ್ ನೋಡಲು ಕೋಶದೊಳಗೇ ತಯಾರಾಗುವಂತೆ ಮಾಡಿದ ಡಿ4ಎಚ್ ಇದೆ. ಅದು ಬ್ಯಾಕ್ಟೀರಿಯಾ ವಿಷದ ಒಂದು ತುಣುಕು. ಕೊಲೆಸ್ಟ್ರಾಲ್ ಒಂದು ಮಟ್ಟ ದಾಟಿದ ಪೊರೆಗೆ ಮಾತ್ರ ಅಂಟುತ್ತದೆ. ಹೊಳೆಯದಿದ್ದರೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದುಬಿಡಬೇಡಿ.

ಇನ್ನೊಬ್ಬ ಸದಸ್ಯರು: ಕೊಲೆಸ್ಟ್ರಾಲ್ ಯಾವ ಪ್ರೋಟೀನ್‌ಗಳಿಗೆ ಅಂಟುತ್ತದೆ ಅಂತ ತಿಳಿಯಲು?

ಉತ್ತರ: ಅದಕ್ಕೆ ಡೈಅಜಿರಿನ್, ಆಲ್ಕೈನ್ ಎಂಬ ಎರಡು ರಾಸಾಯನಿಕ ಗುಂಪುಗಳೂ ಇರುವ ಪ್ರೋಬ್ (ಮಾರ್ಪಡಿಸಿದ ಕೊಲೆಸ್ಟ್ರಾಲ್) ಬೇಕು. ಯುವಿ ಬಿದ್ದಾಗ ಡೈಅಜಿರಿನ್ ಪಕ್ಕದ ಪ್ರೋಟೀನಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಆಲ್ಕೈನ್‌ಗೆ ಕ್ಲಿಕ್ ಕೆಮಿಸ್ಟ್ರಿಯಿಂದ ಬಯೋಟಿನ್ ಎಂಬ ಹಿಡಿಕೆ ಸೇರಿಸಿ ಹೊರಗೆಳೆಯುತ್ತಾರೆ. 2013ರಲ್ಲಿ ಹೀಗೆ ಹೀಲಾ ಕೋಶಗಳಿಂದ 250ಕ್ಕೂ ಹೆಚ್ಚು ಪ್ರೋಟೀನ್ ಸಿಕ್ಕವು. ಯುವಿ ಕೊಡದ ಒಂದು ಪ್ಲೇಟ್, ಮಾಮೂಲಿ ಕೊಲೆಸ್ಟ್ರಾಲನ್ನು ಪೈಪೋಟಿಗೆ ಬಿಟ್ಟ ಇನ್ನೊಂದು ಪ್ಲೇಟ್ ಇಲ್ಲದ ಪಟ್ಟಿಯನ್ನು ನಾನಂತೂ ಓದುವುದಿಲ್ಲ.