ಅಬ್ಬಿ ನೀರಿನ ಹೊಸ ಟ್ಯಾಂಕ್: ಅಮೋನಿಯಾ 2ರಿಂದ ಕೆಳಗೆ ಇಳಿಯುತ್ತಿಲ್ಲ

ತೋಟದಮನೆ (ಮೂಡಿಗೆರೆ ಹತ್ತಿರ)

ಎಲ್ಲರಿಗೂ ನಮಸ್ಕಾರ. ಮಗಳ ಹಠಕ್ಕೆ ಮಳೆಗಾಲಕ್ಕೆ ಮುಂಚೆ ಎರಡು ಅಡಿಯ ಮೀನಿನ ಟ್ಯಾಂಕ್ ತಂದೆವು. ಸುಮಾರು 50 ಲೀಟರ್ ಹಿಡಿಯುತ್ತದೆ. ಒಂದಷ್ಟು ಗಪ್ಪಿ, ನಾಲ್ಕು ಬಿಳಿ ಮೋಲಿ, ಒಂದು ಸ್ಪಂಜ್ ಫಿಲ್ಟರ್, ತಳಕ್ಕೆ ಹೊಳೆಯ ಜಲ್ಲಿ. ಹೀಟರ್ ಇಲ್ಲ. ಈಗ ನೀರು 20–21 ಡಿಗ್ರಿ ಇದೆ.

ನಮ್ಮದು ಅಬ್ಬಿ ನೀರು. ಗುಡ್ಡದಿಂದ ಪೈಪಿನಲ್ಲಿ ತಾನೇ ಇಳಿದು ಬರುತ್ತದೆ. ಮೋಟಾರೂ ಇಲ್ಲ, ಕ್ಲೋರಿನ್ನೂ ಇಲ್ಲ. ಮೊದಲ ವಾರ ಟ್ಯಾಂಕ್ ಹಾಲು ಬೆರೆಸಿದಂತೆ ಮಬ್ಬಾಗಿತ್ತು. ಆಮೇಲೆ ತಾನಾಗಿಯೇ ತಿಳಿಯಾಯಿತು. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತರಿಸಿದ್ದೇನೆ. ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ, ನೈಟ್ರೈಟ್ 0, ನೈಟ್ರೇಟ್ 0. ಪಿಎಚ್ 6, ಅಂದ್ರೆ ಕಿಟ್ಟಿನ ಕೊನೆಯ ಹಳದಿ. ಕೆಎಚ್ (ಪಿಎಚ್ ಕುಸಿಯದಂತೆ ಹಿಡಿಯುವ ನೀರಿನ ಕ್ಷಾರ) ಟೆಸ್ಟಿನಲ್ಲಿ ಮೊದಲ ಹನಿಗೇ ಬಣ್ಣ ಬದಲಾಗುತ್ತದೆ, ಅಂದ್ರೆ ಬಹಳ ಕಡಿಮೆ. ತಿಂಗಳು ದಾಟಿದರೂ ಇಷ್ಟೇ.

ಗಪ್ಪಿಗಳು ಆರಾಮಾಗಿ ತಿನ್ನುತ್ತಿವೆ. ಮೋಲಿಗಳು ಮಾತ್ರ ರೆಕ್ಕೆ ಮಡಚಿಕೊಂಡು, ಮುಂದೆ ಹೋಗದೆ ನಿಂತಲ್ಲೇ ಎಡಕ್ಕೂ ಬಲಕ್ಕೂ ಮೈ ಕುಲುಕುತ್ತವೆ. ಅಂಗಡಿಯವರು ನೀಲಿ ಔಷಧಿ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ಕಡೂರಿನಲ್ಲಿರುವ ನಮ್ಮ ಭಾವನ ಟ್ಯಾಂಕಿನಲ್ಲಿ ಮೋಲಿ ಮರಿ ಮೇಲೆ ಮರಿ ಹಾಕುತ್ತಿವೆ. ಭಾನುವಾರ ಅವರ ಬೋರ್ ನೀರು ಕ್ಯಾನಿನಲ್ಲಿ ತರುತ್ತಾರಂತೆ. ಅರ್ಧ ಟ್ಯಾಂಕ್ ಖಾಲಿ ಮಾಡಿ ಅದನ್ನು ತುಂಬು ಅಂತಿದ್ದಾರೆ. ತುಂಬಲಾ?

ಗಪ್ಪಿ ಗೌಡ (ಚಿಕ್ಕಮಗಳೂರು)

ಹೊಸ ಟ್ಯಾಂಕ್ ಅಂದ್ರೆ ಹಾಗೇ ಸರ್. ಸ್ವಲ್ಪ ಪಟಿಕ ಕದಡಿ ಹಾಕಿ, ಕೊಳೆಯೆಲ್ಲಾ ತಳಕ್ಕೆ ಕೂರುತ್ತದೆ. ಬಾಟಲಿ ಬ್ಯಾಕ್ಟೀರಿಯಾನೂ ಸಿಗುತ್ತೆ, ಹಾಕಿ ನೋಡಿ.

ಹಳೇ ಸ್ಪಂಜ್ (ಹಾಸನ)

ತೋಟದಮನೆಯವರೇ, ಭಾನುವಾರದ ಕ್ಯಾನ್ ಕಾಫಿಗೆ ಇಟ್ಟುಕೊಳ್ಳಿ. ಟ್ಯಾಂಕಿಗೆ ಬೇಡ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಾಟಲಿ ತೊಳೆದು ರಿಟೈರ್ ಆದವನು ನಾನು.

ನಿಮ್ಮ ಕಿಟ್ ತೋರಿಸುವ 2ರಲ್ಲಿ ಎರಡು ಥರದ ಅಮೋನಿಯಾ ಸೇರಿದೆ. ಒಂದು ವಿಷ. ಇನ್ನೊಂದು ಅಮೋನಿಯಂ, ಅದು ಅಷ್ಟೇನೂ ಕಾಟ ಕೊಡುವುದಿಲ್ಲ. ಯಾವುದು ಎಷ್ಟು ಅನ್ನೋದನ್ನು ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 6 ಇದ್ದರೆ ವಿಷದ ಪಾಲು ಶೇಕಡಾ 0.06 ಮಾತ್ರ. ಪಿಎಚ್ 7ಕ್ಕೆ ಶೇಕಡಾ 0.6ರ ಹತ್ತಿರ. 8ಕ್ಕೆ ಶೇಕಡಾ 5ಕ್ಕೂ ಜಾಸ್ತಿ. ಗಪ್ಪಿಗಳು ಇನ್ನೂ ಬದುಕಿರುವುದೇ ಪಿಎಚ್ ಕೆಳಗಿರುವುದರಿಂದ. ಈಗ ಕಡೂರಿನ ಗಡಸು ನೀರು ಅರ್ಧ ಸುರಿದರೆ ಕಿಟ್ಟಿನಲ್ಲಿ ಅಮೋನಿಯಾ 1 ಅಂತ ಕಾಣುತ್ತದೆ, ನೀವು ಖುಷಿಪಡುತ್ತೀರಿ. ಆದರೆ ಅಬ್ಬಿ ನೀರಿಗೆ ಪಿಎಚ್ ಬದಲಾಗುವುದನ್ನು ತಡೆಯುವ ಶಕ್ತಿಯೇ ಇಲ್ಲವಾದ್ದರಿಂದ ಪಿಎಚ್ 8ರ ಹತ್ತಿರ ಜಿಗಿಯುತ್ತದೆ. ಅಮೋನಿಯಾ ಅರ್ಧವಾದರೂ ಅದರೊಳಗಿನ ವಿಷ ನಲವತ್ತು ಪಟ್ಟಿಗೂ ಜಾಸ್ತಿ. ಮೀನು ಮೇಲೆ ಬಂದು ಬಾಯಿ ತೆರೆಯೋಕೆ ಶುರು ಮಾಡಬಹುದು.

ಇನ್ನು ಅಮೋನಿಯಾ ಯಾಕೆ ನಿಂತಿದೆ? ಫಿಲ್ಟರಿನಲ್ಲಿ ಕೂರಬೇಕಾದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ಬೇರೆ ಜಾತಿಯವು ನೈಟ್ರೇಟ್ ಮಾಡುತ್ತವೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಇದು ನೆಲೆಗೆ ಬರುತ್ತದೆ. ನಿಮ್ಮ ನೈಟ್ರೈಟ್ ಸೊನ್ನೆ, ನೈಟ್ರೇಟೂ ಸೊನ್ನೆ. ಅಂದ್ರೆ ಕೆಲಸ ನಿಧಾನ ಅಲ್ಲ, ಶುರುವೇ ಆಗಿಲ್ಲ. ಈ ಬ್ಯಾಕ್ಟೀರಿಯಾಗಳಿಗೆ ನೀರಿನ ಕ್ಷಾರವೂ ಆಹಾರವೇ. 1 ಮಿಲಿಗ್ರಾಂ ಅಮೋನಿಯಾ ಸಾರಜನಕ ಕರಗಿಸೋಕೆ ಸುಮಾರು 7 ಮಿಲಿಗ್ರಾಂ ಕ್ಷಾರ ಖರ್ಚಾಗುತ್ತದೆ. ನಿಮ್ಮ ಕೆಎಚ್ ಒಂದು ಡಿಗ್ರಿಯೂ ಇಲ್ಲ, ಅಂದ್ರೆ ಲೀಟರಿಗೆ 18 ಮಿಲಿಗ್ರಾಂ ಒಳಗೆ. ಕ್ಷಾರ ಇಷ್ಟು ಕಡಿಮೆ, ಪಿಎಚ್ 6 ಇರುವಾಗ ಅವು ಕೈಕಟ್ಟಿ ಕೂತಿವೆ. ಜೊತೆಗೆ ಮಲೆನಾಡಿನ ಚಳಿ.

ಮಳೆ ಜಾಸ್ತಿ ಬೀಳುವ ಕಡೆ ಸುಣ್ಣದ ಅಂಶ ತೊಳೆದು ಹೋಗಿರುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹಾಕುತ್ತೀರಲ್ಲ, ಟ್ಯಾಂಕಿನ ರೋಗವೂ ಅದೇ. ಹಾಗಂತ ತೋಟದ ಚೀಲದಿಂದ ಒಂದು ಹಿಡಿ ತಂದು ಹಾಕಬೇಡಿ ಮಾರಾಯ್ರೆ. ಸುಟ್ಟ ಸುಣ್ಣವಾದರೆ ಪಿಎಚ್ ಒಂದೇ ಸಲಕ್ಕೆ ಆಕಾಶಕ್ಕೆ ಹೋಗುತ್ತದೆ.

ಮೊದಲು ಅಮೋನಿಯಾ ಇಳಿಸಿ, ಪಿಎಚ್ ಆಮೇಲೆ. ಈ ಕ್ರಮ ತಪ್ಪಬಾರದು. ದಿನಾ ಮೂರರಲ್ಲಿ ಒಂದು ಪಾಲು ನೀರು ತೆಗೆದು ಅದೇ ಅಬ್ಬಿ ನೀರು ತುಂಬಿ. ಊಟ ದಿನ ಬಿಟ್ಟು ದಿನ, ಒಂದು ಚಿಟಿಕೆ. ಅಮೋನಿಯಾ 0.5ಕ್ಕಿಂತ ಕೆಳಗೆ ಬಂದ ಮೇಲೆ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ. ಕಾಲು ಟೀ ಚಮಚ, ಅಂದ್ರೆ ಸುಮಾರು 1.2 ಗ್ರಾಂ, ಒಂದು ಲೋಟ ನೀರಿನಲ್ಲಿ ಕರಗಿಸಿ ನಿಧಾನಕ್ಕೆ ಸುರಿಯಿರಿ. 50 ಲೀಟರಿಗೆ ಕೆಎಚ್ ಮುಕ್ಕಾಲು ಡಿಗ್ರಿ ಏರುತ್ತದೆ. ದಿನಕ್ಕೆ ಒಂದೇ ಸಲ, ಕೆಎಚ್ 3 ಆಗುವವರೆಗೆ. ಆಮೇಲೆ ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಚಿಪ್ಪಿನ ಚೂರು ತೊಳೆದು, ಬಲೆಯ ಚೀಲದಲ್ಲಿ ಫಿಲ್ಟರ್ ಪಕ್ಕ ಇಟ್ಟರೆ ಕೆಎಚ್ ಇಳಿಯದಂತೆ ಅದೇ ನೋಡಿಕೊಳ್ಳುತ್ತದೆ. 50 ವ್ಯಾಟಿನ ಹೀಟರ್ ತಂದು 25 ಡಿಗ್ರಿಗೆ ಇಡಿ.

ಗೌಡ್ರೇ, ಪಟಿಕ ಇರೋ ಚೂರುಪಾರು ಕ್ಷಾರವನ್ನೂ ತಿಂದು ಪಿಎಚ್ ಇನ್ನೂ ಇಳಿಸುತ್ತದೆ. ಇಲ್ಲಿ ಬೇಡವೇ ಬೇಡ. ನೀಲಿ ಔಷಧಿ ಮೆಥಿಲೀನ್ ಬ್ಲೂ ಆಗಿದ್ದರೆ ಅದೂ ಫಿಲ್ಟರಿನ ಬ್ಯಾಕ್ಟೀರಿಯಾಗೆ ಏಟು.

ಮೋಲಿಗೆ ಗಡಸು ನೀರೇ ಬೇಕು. ಮೈ ಕುಲುಕುವುದು ಮೆತ್ತಗಿನ ಹುಳಿ ನೀರಿಗೆ, ಚಳಿಗೆ. ಅವನ್ನು ಕಡೂರಿಗೆ ಕಳಿಸೋದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬಾಳ್ಳುಪೇಟೆ ಬಾರ್ಬ್

ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಹತ್ತಿರದಲ್ಲಿ ಯಾರದ್ದಾದರೂ ಹಳೆಯ ಟ್ಯಾಂಕ್ ಇದ್ದರೆ, ಮೀನಿಗೆ ರೋಗ ಇಲ್ಲ ಅಂತ ನೋಡಿಕೊಂಡು, ಅವರ ಫಿಲ್ಟರಿನ ಸ್ಪಂಜು ಒಂದು ತುಂಡು ಕೇಳಿ. ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಕಟ್ಟಿ. ಬಾಟಲಿಗಿಂತ ಅದು ಮೇಲು. ಆದರೆ ಕೆಎಚ್ ಸರಿಯಾದ ಮೇಲೆ ತನ್ನಿ, ಈಗ ತಂದರೆ ಅದೂ ಮಲಗುತ್ತದೆ. ಆಮೇಲೆ ಸ್ಪಂಜು ತೊಳೆಯುವಾಗ ಬಕೆಟಿಗೆ ತೆಗೆದ ಟ್ಯಾಂಕ್ ನೀರಲ್ಲೇ ಹಿಂಡಿ.

ಇನ್ನೊಂದು, ಗಾಳಿ ಮಳೆಗೆ ನಿಮ್ಮ ಕಡೆ ಕರೆಂಟ್ ಹೋದರೆ ಬರುವುದು ಯಾವಾಗಲೋ. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಸ್ಪಂಜಿಗೂ ಗಾಳಿ ಬೇಕು, ಮೀನಿಗೆ ಮಾತ್ರ ಅಲ್ಲ.

ತೋಟದಮನೆ

ಎಲ್ಲರಿಗೂ ಥ್ಯಾಂಕ್ಸ್. ಹಾಸನದ ಸರ್ ಹೇಳಿದ ಕ್ರಮದಲ್ಲೇ ಹೋದೆ. ಅಮೋನಿಯಾ ಈಗ 0.25, ಕೆಎಚ್ 3, ಪಿಎಚ್ 7ರ ಸುತ್ತಮುತ್ತ. ಮಗಳು ಮೋಲಿ ಕಳಿಸೋಕೆ ಒಪ್ಪುತ್ತಿಲ್ಲ. ಹೀಟರ್ ಬಂದ ಮೇಲೆ ಕುಲುಕಾಟ ಕಡಿಮೆಯಾಗಿದೆ. ಆದರೆ ಇವತ್ತು ನೈಟ್ರೈಟ್ ಟ್ಯೂಬು ನೇರಳೆಗೆ ತಿರುಗಿತು, 0.5 ಅನ್ನಿಸುತ್ತದೆ. ಜಲ್ಲಿಯಿಂದ ಏನಾದರೂ ಬಿಡುತ್ತಿದೆಯಾ?

ಹಳೇ ಸ್ಪಂಜ್ (ಹಾಸನ)

ಜಲ್ಲಿ ಅಲ್ಲ, ಬ್ಯಾಕ್ಟೀರಿಯಾ ಎದ್ದಿವೆ. ಎರಡನೇ ಜಾತಿಯವು ಬರುವವರೆಗೆ ನೈಟ್ರೈಟ್ ಸ್ವಲ್ಪ ಏರುತ್ತದೆ. ಅದು ಮೀನಿನ ರಕ್ತ ಸೇರಿ ಆಮ್ಲಜನಕ ಹೊರುವುದನ್ನು ಕೆಡಿಸುತ್ತದೆ. ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನಲ್ಲಿ ಒಳಗೆ ಹೋಗುವುದು ಬಹಳಷ್ಟು ತಪ್ಪುತ್ತದೆ, ಅಬ್ಬಿ ನೀರಿನಲ್ಲಿ ಕ್ಲೋರೈಡೂ ಕಡಿಮೆ. ಕಲ್ಲುಪ್ಪು 5 ಗ್ರಾಂ, ಒಂದು ಟೀ ಚಮಚದಷ್ಟು, ಕರಗಿಸಿ ಹಾಕಿ. ನೀರು ಬದಲಾಯಿಸಿದಾಗ ತೆಗೆದ ಪಾಲಿನಷ್ಟು ಉಪ್ಪನ್ನು ಮಾತ್ರ ಮತ್ತೆ ಸೇರಿಸಿ. ನೈಟ್ರೈಟ್ 1 ದಾಟಿದರೆ ಆ ದಿನ ಅರ್ಧ ನೀರು ಬದಲಿಸಿ. ಹೊಸ ನೀರಿಗೂ ಸೋಡಾ ಲೆಕ್ಕ ಮರೆಯಬೇಡಿ, ಇಲ್ಲದಿದ್ದರೆ ಕೆಎಚ್ ಮತ್ತೆ ಕುಸಿಯುತ್ತದೆ.

ಮುಂದಿನ ಟೆಸ್ಟಿನ ಫೋಟೊ ಹಾಕಿ. ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮುಂದೆ ಹಿಡಿದು ತೆಗೆಯಿರಿ. ಟ್ಯೂಬ್‌ಲೈಟಿನಲ್ಲಿ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ.